ಶಟರ್ ಒಳಗೆ ಮಲಗಿದವರ ಲೆಕ್ಕ ಯಾರ ಹತ್ತಿರ ಇದೆ?

ಸತ್ತೂರಿನ ಪಿ.ಬಿ. ರಸ್ತೆಯ ಬದಿಯ ಹೋಟೆಲ್, ಖಾನಾವಳಿ, ಚಹಾದಂಗಡಿಗಳನ್ನು ನಂಬಿದವರು ಬಹಳ ಮಂದಿ. ಎಸ್‌ಡಿಎಂ ಆಸ್ಪತ್ರೆಯ ರೋಗಿಗಳ ಕಡೆಯವರು, ವಿದ್ಯಾರ್ಥಿಗಳು, ಚಿಗರಿ ಬಸ್ ಇಳಿದವರು ಎಲ್ಲರ ಹೊಟ್ಟೆಯೂ ಇಲ್ಲೇ ತುಂಬಬೇಕು. ವ್ಯಾಪಾರ ಬೆಳೆಯಲಿ. ಆದರೆ ನಾವು ಒಂದು ಪ್ರಶ್ನೆ ಕೇಳಲೇಬೇಕಾಗಿದೆ: ರಾತ್ರಿ ಶಟರ್ ಎಳೆದ ಮೇಲೆ ಒಳಗೆ ಎಷ್ಟು ಜನ ಮಲಗಿರುತ್ತಾರೆ? ಬೆಂಕಿ ಬಿದ್ದರೆ ಅವರು ಯಾವ ಬಾಗಿಲಿನಿಂದ ಹೊರಗೆ ಬರಬೇಕು?

ಪ್ರಶ್ನೆ ಕಲ್ಪನೆಯದಲ್ಲ. 2018ರ ಜನವರಿ 8ರ ನಸುಕಿನಲ್ಲಿ ಬೆಂಗಳೂರಿನ ಕೆ.ಆರ್. ಮಾರುಕಟ್ಟೆ ಬಳಿಯ ಕೈಲಾಶ್ ಬಾರ್‌ಗೆ ಬೆಂಕಿ ಹತ್ತಿತು. ಸತ್ತ 5 ಮಂದಿಯಲ್ಲಿ ಒಬ್ಬರೂ ಗಿರಾಕಿಯಲ್ಲ. ಕೆಲಸ ಮುಗಿಸಿ ಒಳಗೇ ಮಲಗಿದ್ದ ತುಮಕೂರು, ಹಾಸನ, ಮಂಡ್ಯ ಕಡೆಯ ಹುಡುಗರು ಅವರು. ಅದಕ್ಕೆ ಹತ್ತೇ ದಿನ ಮೊದಲು ಮುಂಬೈನ ಕಮಲಾ ಮಿಲ್ಸ್ ಆವರಣದ ರೆಸ್ಟೊರೆಂಟ್ ಬೆಂಕಿಯಲ್ಲಿ 14 ಜನ ತೀರಿಕೊಂಡಿದ್ದರು. ಇಡೀ ದೇಶ ಹೋಟೆಲ್ ಸುರಕ್ಷತೆಯ ಬಗ್ಗೆ ಮಾತಾಡುತ್ತಿದ್ದ ಹೊತ್ತಿನಲ್ಲೇ ಈ ಐವರು ಹೋದರು.

ನಮ್ಮ ಹುಬ್ಬಳ್ಳಿಯ ಅಚ್ಚವ್ವ ಕಾಲೊನಿಯ ಘಟನೆಯನ್ನೂ ಮರೆಯುವಂತಿಲ್ಲ. 2024ರ ಡಿಸೆಂಬರ್ 22ರ ರಾತ್ರಿ ಅಯ್ಯಪ್ಪ ಮಾಲಾಧಾರಿಗಳು ಮಲಗಿದ್ದ ಕೋಣೆಯಲ್ಲಿ ಸಿಲಿಂಡರ್ ಅನಿಲ ಸೋರಿ ಬೆಂಕಿ ಹತ್ತಿತು. ಸುಟ್ಟ ಗಾಯಗಳಾದ 9 ಮಂದಿಯಲ್ಲಿ 8 ಜನ ಉಳಿಯಲಿಲ್ಲ. ಅದು ಹೋಟೆಲ್ ಅಲ್ಲ, ನಿಜ. ಆದರೆ ಮುಚ್ಚಿದ ಕೋಣೆ, ನಿದ್ದೆಗೆ ಜಾರಿದ ಜನ, ಪಕ್ಕದಲ್ಲೇ ಸಿಲಿಂಡರ್ ಇವು ಮೂರೂ ಕೂಡಿದ ಜಾಗ ಯಾವುದಾದರೇನು?

ಅಡುಗೆ ಅನಿಲ ಗಾಳಿಗಿಂತ ಭಾರ. ಸೋರಿದರೆ ಮೇಲೇರಿ ಹೋಗುವುದಿಲ್ಲ, ನೆಲಮಟ್ಟದಲ್ಲೇ ತುಂಬಿಕೊಳ್ಳುತ್ತದೆ. ಹುಡುಗರು ಚಾಪೆ ಹಾಸಿ ಮಲಗುವುದೂ ಅಲ್ಲೇ. ವಾಸನೆ ಬಂತೆಂದು ಎದ್ದು ಲೈಟ್ ಹಾಕಿದರೆ ಆ ಒಂದು ಕಿಡಿ ಸಾಕು. ಕಾದ ಎಣ್ಣೆಗೆ ಬೆಂಕಿ ಹತ್ತಿದಾಗ ನೀರು ಸುರಿದರೆ ಬೆಂಕಿ ಆರುವುದಿಲ್ಲ, ಸಿಡಿದು ಹರಡುತ್ತದೆ. ಮಿರ್ಚಿ ಭಜಿ ಕರಿಯುವ ಹುಡುಗನಿಗೆ ಇದನ್ನು ಯಾರಾದರೂ ಹೇಳಿಕೊಟ್ಟಿದ್ದಾರೆಯೇ?

ನಿಯಮಗಳಿಲ್ಲ ಎಂದಲ್ಲ. ಮನೆಬಳಕೆಯ 14.2 ಕೆ.ಜಿ. ಸಿಲಿಂಡರನ್ನು ಹೋಟೆಲಿನಲ್ಲಿ ಬಳಸುವಂತಿಲ್ಲ. ಪರವಾನಗಿ ಇಲ್ಲದೆ 100 ಕೆ.ಜಿ.ಗಿಂತ ಹೆಚ್ಚು ಅನಿಲ ಇಟ್ಟುಕೊಳ್ಳುವಂತಿಲ್ಲ. ಎಂದರೆ 19 ಕೆ.ಜಿ.ಯ ವಾಣಿಜ್ಯ ಸಿಲಿಂಡರ್ ಐದಕ್ಕೆ ಲೆಕ್ಕ ಮುಗಿಯಿತು. ಆದರೆ ಅಗ್ನಿಶಾಮಕದವರ ನಿರಾಕ್ಷೇಪಣಾ ಪತ್ರದ ಚರ್ಚೆಯೆಲ್ಲ ಎತ್ತರದ ಕಟ್ಟಡಗಳ ಸುತ್ತಲೇ ಸುತ್ತುತ್ತದೆ. ಕೆಳಗೆ ಖಾನಾವಳಿ, ಮೇಲೆ ಹುಡುಗರ ಕೋಣೆ ಇರುವ ಎರಡಂತಸ್ತಿನ ಕಟ್ಟಡದ ಕಡೆ ಕಣ್ಣು ಹಾಯುವುದು ಕಡಿಮೆ.

‘ಇಷ್ಟು ವರ್ಷ ಏನೂ ಆಗಿಲ್ರೀ’ ಎನ್ನುವ ಮಾಲೀಕರಿಗೆ ನಮ್ಮ ಉತ್ತರ ಇಷ್ಟೇ: ಆಗುವ ಹಿಂದಿನ ದಿನದ ತನಕ ಎಲ್ಲರೂ ಹೇಳುವುದು ಅದನ್ನೇ. ಹತ್ತಿರದಲ್ಲೇ ದೊಡ್ಡ ಆಸ್ಪತ್ರೆ ಇದೆ ಎನ್ನುವುದೂ ಸಿದ್ಧತೆಯಲ್ಲ.

ಮಾಡಬೇಕಾದ್ದಕ್ಕೆ ದೊಡ್ಡ ಖರ್ಚಿಲ್ಲ. ಸಿಲಿಂಡರ್ ಇರುವ ಕಡೆ ಯಾರೂ ಮಲಗಬಾರದು. ಹೊರಗಿನಿಂದ ಕೀಲಿ ಹಾಕಬಾರದು, ಒಳಗಿದ್ದವರ ಕೈಯಲ್ಲೂ ಒಂದು ಕೀಲಿಕೈ ಇರಬೇಕು. ರಾತ್ರಿ ರೆಗ್ಯುಲೇಟರ್ ಬಂದ್ ಮಾಡುವ ಹೊಣೆ ಹೆಸರು ಹಿಡಿದು ಒಬ್ಬರಿಗೆ ವಹಿಸಬೇಕು. 112, ಅಗ್ನಿಶಾಮಕದ 101, ಅನಿಲ ಸೋರಿಕೆಯ 1906 ಸಂಖ್ಯೆಗಳನ್ನು ಗೋಡೆಗೆ ದೊಡ್ಡದಾಗಿ ಬರೆಯಬೇಕು. ಉತ್ತರ ಭಾರತದ ಹುಡುಗರಿದ್ದರೆ ಹಿಂದಿಯಲ್ಲೂ ಬರೆಯಬೇಕು. ಗೋಡೆಗೆ ತೂಗುಹಾಕಿದ ಕೆಂಪು ಸಿಲಿಂಡರಿನ ಪಿನ್ ತೆಗೆಯುವುದು ಹೇಗೆಂದು ಪಾತ್ರೆ ತೊಳೆಯುವವರಿಗೂ ಗೊತ್ತಿರಬೇಕು. ಮೂರು ತಿಂಗಳಿಗೊಮ್ಮೆ ಅರ್ಧ ತಾಸು ಅಗ್ನಿಶಾಮಕ ಸಿಬ್ಬಂದಿಯನ್ನು ಕರೆಸಿ ಕಲಿಸಿದರೆ ಸಾಕು.

ಮಹಾನಗರ ಪಾಲಿಕೆಯೂ ಒಂದು ಕೆಲಸ ಮಾಡಲಿ. ಉದ್ದಿಮೆ ಪರವಾನಗಿ ನವೀಕರಿಸುವಾಗ ಶುಲ್ಕದ ರಸೀದಿಯ ಜೊತೆಗೆ ಒಂದು ವಿವರ ಕೇಳಲಿ: ಈ ಕಟ್ಟಡದೊಳಗೆ ರಾತ್ರಿ ಎಷ್ಟು ಜನ ಮಲಗುತ್ತಾರೆ, ಅವರಿಗೆ ಎರಡನೇ ಬಾಗಿಲು ಎಲ್ಲಿದೆ? ಹೋಟೆಲ್ ಮಾಲೀಕರ ಸಂಘದವರು ಪಾಲಿಕೆಗೂ ಕಾಯದೆ ತಾವೇ ಈ ಪಟ್ಟಿ ಮಾಡಿದರೆ ಇನ್ನೂ ಒಳ್ಳೆಯದು. ಅಕ್ಕಿ, ಎಣ್ಣೆ, ಬೇಳೆಯ ಲೆಕ್ಕ ದಿನವೂ ಬರೆಯುವ ಪುಸ್ತಕದಲ್ಲಿ ಮಲಗಿದವರ ಲೆಕ್ಕಕ್ಕೂ ಒಂದು ಸಾಲು ಜಾಗ ಇದ್ದೇ ಇರುತ್ತದೆ.