ನಲವತ್ತರವರೆಗೆ ಕಾಯದ ಕಾಯಿಲೆ

ಲಾರಿಗಳ ಹಿಂದೆ ಹೊಳೆಯುವ ಸ್ಟಿಕ್ಕರ್‌ಗೆ ನಮ್ಮಲ್ಲಿ ‘ರೇಡಿಯಂ’ ಎಂದೇ ಹೆಸರು. ಹುಬ್ಬಳ್ಳಿಯ ಅಂಗಡಿಯ ಫಲಕದಲ್ಲೂ ಅದೇ ಪದ, ನಾನಿರುವ ಪುಣೆಯಲ್ಲೂ ಅದೇ ಪದ. ಆ ಸ್ಟಿಕ್ಕರ್‌ನಲ್ಲಿ ರೇಡಿಯಂ ಇಲ್ಲ, ಮೇಲೆ ಬಿದ್ದ ಬೆಳಕನ್ನು ಅದು ತಿರುಗಿ ಕಳಿಸುತ್ತದೆ ಅಷ್ಟೇ. ನಿಜವಾದ ರೇಡಿಯಂ ಬಳಿದವರ ಕಥೆಯೇ ಬೇರೆ. ಹೊಸ ಕಾರ್ಮಿಕ ಸಂಹಿತೆಗಳು 2025ರ ನವೆಂಬರ್ 21ರಿಂದ ಜಾರಿಗೆ ಬಂದಿರುವ ಈ ಹೊತ್ತಿನಲ್ಲಿ ಅದನ್ನು ನೆನೆಯುವುದು ಒಳ್ಳೆಯದು.

1917ರ ಹೊತ್ತಿಗೆ ಅಮೆರಿಕದ ನ್ಯೂಜೆರ್ಸಿಯ ಆರೆಂಜ್ ಪಟ್ಟಣದಲ್ಲಿ ಕತ್ತಲಲ್ಲಿ ಹೊಳೆಯುವ ಗಡಿಯಾರಗಳ ಕಾರ್ಖಾನೆ ಶುರುವಾಯಿತು. ಯುದ್ಧಕಾಲವಾದ್ದರಿಂದ ಸೈನಿಕರ ಕೈಗಡಿಯಾರಕ್ಕೆ ಭಾರಿ ಬೇಡಿಕೆ. ಹದಿಹರೆಯದ ಹುಡುಗಿಯರು ಸಾಲಾಗಿ ಕುಳಿತು ಸಣ್ಣ ಕುಂಚದಿಂದ ಅಂಕಿಗಳಿಗೆ ರೇಡಿಯಂ ಬೆರೆತ ಬಣ್ಣ ತುಂಬುತ್ತಿದ್ದರು. ಕುಂಚದ ತುದಿ ಚೂಪಾಗಲೆಂದು ಅದನ್ನು ತುಟಿಗಳ ನಡುವೆ ಇಟ್ಟು ಎಳೆಯಬೇಕು ಎಂದು ಅವರಿಗೆ ಹೇಳಿಕೊಡಲಾಗಿತ್ತು. ಹೀಗೆ ದಿನವೂ ಅಷ್ಟಷ್ಟು ರೇಡಿಯಂ ಹೊಟ್ಟೆಗೆ ಇಳಿಯಿತು.

ರೇಡಿಯಂ ಮತ್ತು ಕ್ಯಾಲ್ಸಿಯಂ ರಾಸಾಯನಿಕವಾಗಿ ಒಂದೇ ಕುಟುಂಬಕ್ಕೆ ಸೇರಿದವು. ದೇಹಕ್ಕೆ ಅವೆರಡರ ವ್ಯತ್ಯಾಸ ಗೊತ್ತಾಗುವುದಿಲ್ಲ. ಅದು ರೇಡಿಯಂ ಅನ್ನೂ ಒಯ್ದು ಮೂಳೆಯಲ್ಲಿ ಕೂರಿಸುತ್ತದೆ. ಅದರ ಅರ್ಧಾಯುಷ್ಯ ಸುಮಾರು 1600 ವರ್ಷ. ಮೂಳೆಗೆ ಸೇರಿದ ಮೇಲೆ ಆ ವಿಕಿರಣ ನಿಲ್ಲುವ ಮಾತೇ ಇಲ್ಲ. ಮೊದಲು ಹಲ್ಲು ಸಡಿಲವಾದವು, ಬಳಿಕ ದವಡೆ ಕೊಳೆಯಿತು, ರಕ್ತಹೀನತೆ, ಮೂಳೆ ಕ್ಯಾನ್ಸರ್ ಬಂದವು. 1922ರಲ್ಲಿ ತೀರಿಕೊಂಡ ಮಾಲಿ ಮಾಗಿಯಾ ಅವರ ಮರಣಪತ್ರದಲ್ಲಿ ಬರೆದದ್ದು ಸಿಫಿಲಿಸ್ ಎಂದು. ಐದು ವರ್ಷಗಳ ಬಳಿಕ ಶವ ಹೊರತೆಗೆದು ನೋಡಿದಾಗ ಮೂಳೆಗಳು ಇನ್ನೂ ವಿಕಿರಣ ಸೂಸುತ್ತಿದ್ದವು.

ಇದನ್ನು ‘ಆ ಕಾಲದ ಅಜ್ಞಾನ’ ಎಂದು ತಳ್ಳಿಹಾಕಲು ಬರುವುದಿಲ್ಲ. ಅದೇ ಕಂಪನಿಯ ಪ್ರಯೋಗಾಲಯದಲ್ಲಿ ಸೀಸದ ತಡೆ, ಇಕ್ಕಳ ಇದ್ದವು. ಹುಡುಗಿಯರ ಮೇಜಿಗೆ ಅವು ಬರಲಿಲ್ಲ. 1924ರಲ್ಲಿ ಕಂಪನಿಯೇ ಕರೆಸಿದ ಹಾರ್ವರ್ಡ್‌ನ ಸೆಸಿಲ್ ಡ್ರಿಂಕರ್ ರೋಗಕ್ಕೆ ರೇಡಿಯಮ್ಮೇ ಕಾರಣ ಎಂದು ವರದಿ ಕೊಟ್ಟರು. ಕಂಪನಿ ಅದನ್ನು ಮುಚ್ಚಿಟ್ಟು, ರಾಜ್ಯದ ಕಾರ್ಮಿಕ ಇಲಾಖೆಗೆ ತಿರುಚಿದ ರೂಪವನ್ನು ಕಳಿಸಿತು. ಗ್ರೇಸ್ ಫ್ರೈಯರ್ ಎಂಬ ಕೆಲಸಗಾರ್ತಿಗೆ ಕೇಸು ಹಿಡಿಯುವ ವಕೀಲರು ಸಿಗಲು ಎರಡು ವರ್ಷ ಬೇಕಾಯಿತು. 1928ರಲ್ಲಿ ಐವರಿಗೆ ತಲಾ 10,000 ಡಾಲರ್, ವರ್ಷಕ್ಕೆ 600 ಡಾಲರ್ ಎಂದು ರಾಜಿಯಾಯಿತು.

ನ್ಯಾಯಾಲಯದಲ್ಲಿ ಕಂಪನಿ ಹಿಡಿದ ಗುರಾಣಿ ಕಾಲಮಿತಿ. ಎರಡು ವರ್ಷದೊಳಗೆ ದೂರು ಕೊಡಬೇಕಿತ್ತು ಎಂಬುದು ಅದರ ವಾದ. ಆದರೆ ಫ್ರೈಯರ್ ಅವರಿಗೆ ಕಾಯಿಲೆ ಕಾಣಿಸಿಕೊಂಡದ್ದೇ ಕೆಲಸ ಬಿಟ್ಟು ಬ್ಯಾಂಕ್ ಸೇರಿದ ಮೇಲೆ. ವಿಷ ಸೇರುವ ದಿನ ಒಂದು, ನೋವು ಕಾಣುವ ದಿನ ಇನ್ನೊಂದು. ಇವೆರಡರ ನಡುವಿನ ಅಂತರವೇ ಮಾಲೀಕನಿಗೆ ಲಾಭ.

ಈಗ ನಮ್ಮ ಕಡೆ ನೋಡೋಣ. ರೇಡಿಯಂನಿಂದ ಬರುವ ಕಾಯಿಲೆ 1948ರ ಕಾರ್ಖಾನೆ ಕಾಯ್ದೆಯ ಅನುಸೂಚಿಯಲ್ಲೇ ಇತ್ತು. ವೈದ್ಯರು ಅದನ್ನು ಕಂಡರೆ ಸರ್ಕಾರಕ್ಕೆ ತಿಳಿಸಲೇಬೇಕಿತ್ತು. ಆ ಪಟ್ಟಿಯಲ್ಲಿ ಸಿಲಿಕೋಸಿಸ್ ಕೂಡ ಇತ್ತು. ಕಲ್ಲು ಒಡೆಯುವ, ಗ್ರೈಂಡಿಂಗ್ ಮಾಡುವ ಎಷ್ಟೋ ಜನರ ಶ್ವಾಸಕೋಶಕ್ಕೆ ದೂಳು ಸೇರುತ್ತದೆ, ಆದರೆ ಚೀಟಿಯಲ್ಲಿ ಬರೆಯುವುದು ಕ್ಷಯ ಎಂದು. ಮಾಲಿ ಮಾಗಿಯಾ ಅವರ ಮರಣಪತ್ರಕ್ಕೂ ಈ ಚೀಟಿಗೂ ದೊಡ್ಡ ವ್ಯತ್ಯಾಸವಿಲ್ಲ. 1923ರ ಪರಿಹಾರ ಕಾಯ್ದೆಯೂ ಕೆಲಸ ಬಿಟ್ಟವರ ವಿಷಯದಲ್ಲಿ ಎರಡು ವರ್ಷದೊಳಗೆ ಕಂಡ ಲಕ್ಷಣಗಳನ್ನೇ ಲೆಕ್ಕಕ್ಕೆ ಹಿಡಿದಿತ್ತು. ಸಿಲಿಕೋಸಿಸ್ ಅಷ್ಟು ಬೇಗ ಬರುವ ಕಾಯಿಲೆಯಲ್ಲ.

ಹೊಸ ಸಂಹಿತೆಯಲ್ಲಿ ಸರ್ಕಾರ ಎತ್ತಿ ತೋರಿಸುತ್ತಿರುವುದು 40 ದಾಟಿದ ಕಾರ್ಮಿಕರಿಗೆ ವರ್ಷಕ್ಕೊಮ್ಮೆ ಉಚಿತ ಆರೋಗ್ಯ ತಪಾಸಣೆ. ಒಳ್ಳೆಯ ಹೆಜ್ಜೆಯೇ. ಆದರೆ ಗಡಿಯಾರಕ್ಕೆ ಬಣ್ಣ ಬಳಿದವರಲ್ಲಿ ಮೊದಲು ಸತ್ತವರು ಇಪ್ಪತ್ತರ ಆಸುಪಾಸಿನವರು. ಅಪಾಯಕಾರಿ ಕೆಲಸಗಳಿಗೆ ಪ್ರತ್ಯೇಕ ತಪಾಸಣೆಯ ನಿಯಮ ಇದೆ, ನಿಜ. ಯಾರ ಹೆಸರು ಆ ಪಟ್ಟಿಗೆ ಬರುತ್ತದೆ, ಗುತ್ತಿಗೆ ಕಾರ್ಮಿಕನ ಹೆಸರು ಬರುತ್ತದೆಯೇ ಎಂಬುದೇ ಪ್ರಶ್ನೆ. ಇನ್ನೊಂದು ಕಡೆ, ವಿದ್ಯುತ್ ಬಳಸುವ ಘಟಕ ‘ಕಾರ್ಖಾನೆ’ ಎನಿಸಿಕೊಳ್ಳಲು 10 ಜನ ಸಾಕಿತ್ತು, ಈಗ 20 ಜನ ಬೇಕು. ದೂಳು ಹೆಚ್ಚಿರುವುದು ಸಣ್ಣ ಶೆಡ್‌ಗಳಲ್ಲೇ.

ವಿಕಿರಣವೂ ಹಳೆಯ ಮಾತಲ್ಲ. 2010ರಲ್ಲಿ ದೆಹಲಿಯ ಮಾಯಾಪುರಿ ಗುಜರಿ ಮಾರುಕಟ್ಟೆಗೆ ವಿಶ್ವವಿದ್ಯಾಲಯವೊಂದರ ಹಳೆಯ ಯಂತ್ರ ಹರಾಜಿನಲ್ಲಿ ಬಂತು. ಒಳಗೆ ಕೋಬಾಲ್ಟ್-60 ಇತ್ತು. ಬಿಚ್ಚಿದವರಿಗೆ ಅದು ಬರೀ ಲೋಹ. ಒಬ್ಬ ಕಾರ್ಮಿಕ ಸತ್ತ, ಹಲವರು ಆಸ್ಪತ್ರೆ ಸೇರಿದರು. ಇಲ್ಲೂ ಗೊತ್ತಿರಬೇಕಾದವರು ಹೇಳಲಿಲ್ಲ, ಮುಟ್ಟಿದವರಿಗೆ ಗೊತ್ತಿರಲಿಲ್ಲ.

ನಾನು ಕಾರ್ಖಾನೆಯೊಂದರ ಸುರಕ್ಷತಾ ವಿಭಾಗದಲ್ಲಿದ್ದೇನೆ. ಕಲಬುರಗಿ, ಯಾದಗಿರಿ, ವಿಜಯಪುರದ ಕಡೆಯಿಂದ ಪುಣೆ, ಮುಂಬೈಗೆ ದುಡಿಯಲು ಬಂದವರು ನಮ್ಮ ಸುತ್ತಲೇ ಇದ್ದಾರೆ. ಕೆಮ್ಮು ಹೆಚ್ಚಾದರೆ ಊರಿಗೆ ಹೋಗುತ್ತಾರೆ. ಅಲ್ಲಿನ ಡಾಕ್ಟರಿಗೆ ಇಲ್ಲಿನ ಕೆಲಸ ಗೊತ್ತಿಲ್ಲ, ಇಲ್ಲಿನ ಕಂಪನಿಗೆ ಅಲ್ಲಿನ ಎಕ್ಸ್‌ರೇ ಗೊತ್ತಿಲ್ಲ. ಹೀಗೆ ರಾಜ್ಯದ ಗಡಿ ದಾಟುವಾಗ ಸಾಕ್ಷ್ಯವೇ ಕಳೆದುಹೋಗುತ್ತದೆ.

ಹಾಗಾಗಿ ಹೊರನಾಡಿನಲ್ಲಿರುವ ನಾವು ಮಾಡಬಹುದಾದ ಕೆಲಸಗಳಿವೆ. ಎಚ್‌ಆರ್‌ನಲ್ಲಿರುವವರು ಗುತ್ತಿಗೆ ಕಾರ್ಮಿಕರ ಹೆಸರನ್ನೂ ತಪಾಸಣೆಯ ಪಟ್ಟಿಗೆ ಸೇರಿಸಬೇಕು, ವರದಿಯ ಪ್ರತಿ ಅವರ ಕೈಗೇ ಸಿಗಬೇಕು. ಎಂಜಿನಿಯರ್‌ಗಳು ಬಳಸುವ ವಸ್ತುವಿನ ಅಪಾಯವನ್ನು ಅವರ ಭಾಷೆಯಲ್ಲಿ, ಕನ್ನಡದಲ್ಲಾದರೂ ಸರಿ, ಬಾಯಿಬಿಟ್ಟು ಹೇಳಬೇಕು. ವೈದ್ಯರು ‘ಏನು ಕೆಲಸ ಮಾಡ್ತಿದ್ರಿ, ಎಲ್ಲಿ, ಎಷ್ಟು ವರ್ಷ?’ ಎಂದು ಕೇಳಿ ಬರೆದಿಡಬೇಕು. ಗುರುತಿನ ಚೀಟಿ, ಸಂಬಳದ ರಸೀದಿ ಎಸೆಯಬೇಡಿ ಎಂದು ಊರಿನವರಿಗೆ ತಿಳಿಸಬೇಕು. ಹತ್ತು ವರ್ಷದ ನಂತರ ಪರಿಹಾರ ಕೇಳಲು ಹೊರಟವರ ಕೈಯಲ್ಲಿ ಉಳಿಯುವುದು ಆ ಕಾಗದಗಳು ಮಾತ್ರ.