ಸೇಲಂನಲ್ಲಿ ತಂಗುವುದು ಎಲ್ಲಿ?

ಊರಿಗೆ ಹೋದವರು ಊರಿನೊಳಗೇ ತಂಗಬೇಕು. ಇಷ್ಟು ಸರಳವಾದ ಮಾತನ್ನು ಇಂದು ಬಿಡಿಸಿ ಹೇಳಬೇಕಾಗಿ ಬಂದಿದೆ.

ಮದುವೆ ಜವಳಿ, ಏರ್ಕಾಡು, ಹೊಗೇನಕಲ್ ಎಂದು ನಮ್ಮ ಕುಟುಂಬಗಳು ಸೇಲಂ, ಧರ್ಮಪುರಿಗಳ ಕಡೆ ಹೋಗುವುದುಂಟು. ಮಂಗಳೂರು–ಚೆನ್ನೈ ಮೈಲ್ ರೈಲು ಕಾಸರಗೋಡಿನಿಂದ ಪಾಲಕ್ಕಾಡ್, ಈರೋಡ್ ದಾಟಿ ನೇರವಾಗಿ ಸೇಲಂಗೆ ಒಯ್ಯುತ್ತದೆ. ಆದರೆ ಅಲ್ಲಿ ಇಳಿದ ಹಲವರು ಹುಡುಕುವುದು ಹೆದ್ದಾರಿ ಬದಿಯ ದೊಡ್ಡ ಹೋಟೆಲನ್ನು. ಗಲಾಟೆಯಿಲ್ಲ, ಸೌಕರ್ಯವಿದೆ ಎಂಬುದು ಅವರ ಸಮರ್ಥನೆ. ನಿಜವೇ. ಆದರೆ ಅಂಥ ಕೋಣೆಯಲ್ಲಿ ಮಲಗಿದವನಿಗೆ ತಾನಿರುವುದು ಸೇಲಮೋ ಸೂರತ್ತೋ ಎಂದು ತಿಳಿಯುವುದು ಬಿಲ್ಲು ಕೈಗೆ ಬಂದಾಗಲೇ!

ಪೇಟೆಯ ನಡುವೆ, ಕೆಲವೇ ಕೋಣೆಗಳ, ಮನೆಯಂಥ ಸಣ್ಣ ಹೋಟೆಲಿಗೆ ಈಗ 'ಬೊಟಿಕ್ ಹೋಟೆಲ್' ಎಂಬ ಹೊಸ ಹೆಸರು ಬಂದಿದೆ. ಹೆಸರು ಹೊಸದಾದರೂ ಸಂಗತಿ ಹೊಸದಲ್ಲ. ದಕ್ಷಿಣ ಕನ್ನಡದ ಕಡಂದಲೆಯ ಕೆ. ಕೃಷ್ಣರಾಯರು 1930ರ ದಶಕದ ಕೊನೆಯಲ್ಲಿ ಮದರಾಸಿನ ರಾಯಪೇಟೆಯ ಹಳೆಯ ಬಂಗಲೆಯೊಂದನ್ನು ಹಿಡಿದು 'ವುಡ್‌ಲ್ಯಾಂಡ್ಸ್' ಆರಂಭಿಸಿದ್ದೂ ಇದೇ ರೀತಿಯಲ್ಲವೇ? ಶುಚಿಯಾದ ಹಾಸಿಗೆ, ಬಿಸಿನೀರು, ನಂಬಿಕೆಯ ಊಟ, ಬಾಗಿಲು ತೆರೆದರೆ ಊರು. ಇದು ನಮ್ಮವರೇ ತಮಿಳುನಾಡಿಗೆ ಕಲಿಸಿದ ಪಾಠಗಳಲ್ಲಿ ಒಂದು.

ಸೇಲಂ ಪೇಟೆಯೊಳಗೆ ತಂಗಿದವರಿಗೆ ಸಿಗುವುದೇನು? ಶೆವ್ವಾಪೇಟೆಯ ಅಂಗಡಿ ಬೀದಿ, ಕೋಟೆ ಮಾರಿಯಮ್ಮನ ಗುಡಿ, ಏರ್ಕಾಡು ರಸ್ತೆಯಲ್ಲಿ ಉಳಿದಿರುವ ಮಾಡರ್ನ್ ಥಿಯೇಟರ್ಸಿನ ಕಮಾನು. ಪ್ರಥಮ ಮಲಯಾಳ ವಾಕ್ಚಿತ್ರ 'ಬಾಲನ್' 1938ರಲ್ಲಿ ಬಂದದ್ದು ಈ ಸಂಸ್ಥೆಯಿಂದಲೇ. ಎಲ್ಲಕ್ಕಿಂತ ಮಿಗಿಲಾಗಿ ಅಮ್ಮಾಪೇಟೆ, ಗುಗೈಗಳ ನೇಕಾರರ ಬೀದಿಗಳು. ಚೌಡೇಶ್ವರಿಯನ್ನು ಕುಲದೇವತೆಯೆಂದು ಪೂಜಿಸುವ ದೇವಾಂಗರಲ್ಲಿ ಮನೆಯೊಳಗೆ ಕನ್ನಡ ಆಡುವ ಕುಟುಂಬಗಳಿವೆ. ತಮಿಳು ಬೆರೆತ, ಹಳೆಯ ಪದಗಳನ್ನು ಕಾಪಾಡಿಕೊಂಡ ಕನ್ನಡ ಅದು. ಧರ್ಮಪುರಿಯ ಕಡೆಗೆ ಹೋದರೆ ಕಾವೇರಿಯ ದಡದ ಹೊಗೇನಕಲ್ಲಿನ ಹೆಸರೇ ಕನ್ನಡ: ಹೊಗೆಯ ಕಲ್ಲು.

ಈ ನಾಡು 1792ರ ಶ್ರೀರಂಗಪಟ್ಟಣದ ಒಪ್ಪಂದದವರೆಗೆ ಮೈಸೂರಿನ ಆಳ್ವಿಕೆಯಲ್ಲಿತ್ತು. ಆಳ್ವಿಕೆ ಹೋಯಿತು, ಮಾತು ಉಳಿಯಿತು. ಆದರೆ ಲಿಪಿ ಉಳಿಯಲಿಲ್ಲ. ಮನೆಯಲ್ಲಿ ಕನ್ನಡ ಆಡುವ ಮಗು ಶಾಲೆಯಲ್ಲಿ ಕಲಿಯುವುದು ತಮಿಳು ಅಕ್ಷರವನ್ನು. 2006ರ ತಮಿಳು ಕಲಿಕೆಯ ಕಾನೂನು ಆ ರಾಜ್ಯದ ಕನ್ನಡ ಶಾಲೆಗಳಿಗೂ ತಮಿಳನ್ನು ತಂದಿತು. 2017ರ ಮಲಯಾಳ ಕಡ್ಡಾಯ ಕಾನೂನನ್ನು ಕಂಡ ನಮಗೆ ಇದನ್ನು ವಿವರಿಸಬೇಕಾಗಿಲ್ಲ. ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸಂವಿಧಾನದ 350ಎ ವಿಧಿ ಇದೆಯೆಂಬುದು ಸರಿ. ಆದರೆ ಕೇಳುವವರಿಲ್ಲದ ಭಾಷೆಗೆ ವಿಧಿಯೊಂದೇ ಆಸರೆಯಾಗಲಾರದು.

ಹೋಟೆಲಿಗೂ ಇದಕ್ಕೂ ಏನು ಸಂಬಂಧವೆಂದು ಕೇಳಬಹುದು. ಸಂಬಂಧವಿದೆ. ಹೆದ್ದಾರಿಯ ಹೋಟೆಲಿನಲ್ಲಿ ನಾವು ಇಂಗ್ಲಿಷಿನಲ್ಲಿ ಕೋಣೆ ಕೇಳುತ್ತೇವೆ, ಹಿಂದಿಯಲ್ಲಿ ನೀರು ಕೇಳುತ್ತೇವೆ, ಮರುದಿನ ಹೊರಟುಬಿಡುತ್ತೇವೆ. ಪೇಟೆಯ ಹೋಟೆಲಿನಲ್ಲಿ ತಂಗಿ, ಬೀದಿಗಿಳಿದು, ಸೀರೆಯ ಬೆಲೆಯನ್ನು ಕನ್ನಡದಲ್ಲಿ ಕೇಳಿ ನೋಡಿ. ಎದುರಿನವರು ಕನ್ನಡದಲ್ಲೇ ಉತ್ತರಿಸಿದರೆ ಇಬ್ಬರಿಗೂ ಸಂತೋಷ. ಉತ್ತರಿಸದಿದ್ದರೆ ನಷ್ಟವೇನೂ ಇಲ್ಲ, ತಮಿಳಿನಲ್ಲಿ ವ್ಯಾಪಾರ ಮುಗಿಸಿದರಾಯಿತು. ತಮಿಳಿನೊಡನೆ ನಮಗೆ ಜಗಳವಿಲ್ಲ. ಆ ನಾಡಿನ ಭಾಷೆಗೆ ಗೌರವ ಸಲ್ಲಲೇಬೇಕು. ಆದರೆ ತನ್ನ ಮನೆಮಾತನ್ನು ದೂರದಿಂದ ಬಂದವರೂ ಆಡುತ್ತಾರೆಂದು ಒಂದು ಮಗು ಕಿವಿಯಾರೆ ಕೇಳಿದರೆ, ಆ ಮಾತು ಮನೆಯೊಳಗೆ ಮುಚ್ಚಿಡುವಂಥದ್ದಲ್ಲವೆಂದು ಅದಕ್ಕೆ ತಿಳಿಯುತ್ತದೆ.

ಹೋಟೆಲು ನಡೆಸುವ ಕನ್ನಡಿಗರಿಗೂ ಒಂದು ಮಾತು. ದರಪಟ್ಟಿಯಲ್ಲಿ ತಮಿಳಿನ ಕೆಳಗೆ ಕನ್ನಡದ ಒಂದು ಸಾಲು ಬರೆಸಿದರೆ ವ್ಯಾಪಾರ ಕೆಡುವುದಿಲ್ಲ. ಅದಕ್ಕೂ ಮೊದಲು, ನಮ್ಮ ಕಾಸರಗೋಡಿನ ಹೋಟೆಲುಗಳ ಹಲಗೆಯಲ್ಲಿ ಕನ್ನಡ ಎಷ್ಟಿದೆಯೆಂದು ನಾವೇ ಎಣಿಸಿ ನೋಡುವುದು ಒಳ್ಳೆಯದು.

ಪೇಟೆಯೆಂದ ಮೇಲೆ ಗದ್ದಲವಿರುತ್ತದೆ. ಹಿಂಬದಿಯ ಕೋಣೆ ಕೇಳಿ ಪಡೆದರೆ ನಿದ್ರೆಗೆ ಭಂಗವಿಲ್ಲ. ಹೊರಡುವಾಗ ರೈಲಿನಲ್ಲಿ ಓದಲೆಂದು ಒಯ್ದ ಕನ್ನಡ ಪತ್ರಿಕೆಯಲ್ಲಿ ಚಪ್ಪಲಿ ಸುತ್ತಬೇಡಿ. ಹೋಟೆಲಿನ ಮೇಜಿನ ಮೇಲೆ ಬಿಟ್ಟು ಬನ್ನಿ. ಮನೆಮಾತಿಗೆ ಅಕ್ಷರವೂ ಇದೆಯೆಂದು ಅಲ್ಲಿ ಯಾರಾದರೊಬ್ಬರು ಕಂಡಾರು.