ಲಂಚಕ್ಕೊಂದು ಅಳತೆಗೋಲು

ನಮ್ಮ ರಾಜ್ಯ ಸರ್ಕಾರದಲ್ಲಿ ಭ್ರಷ್ಟಾಚಾರ ಎಷ್ಟಿದೆ? ಈ ಪ್ರಶ್ನೆಗೆ ಕರ್ನಾಟಕದಲ್ಲಿ ಉತ್ತರಗಳ ಬರಗಾಲ ಎಂದೂ ಬಿದ್ದಿಲ್ಲ. 2018ರ ಚುನಾವಣೆಯ ಹೊತ್ತಿಗೆ ಅಂದಿನ ಸರ್ಕಾರವನ್ನು ಅದರ ಎದುರಾಳಿಗಳು ಶೇಕಡಾ 10ರ ಸರ್ಕಾರವೆಂದು ಹಳಿದರು. 2021ರಲ್ಲಿ ಗುತ್ತಿಗೆದಾರರ ಸಂಘದವರು ಪ್ರಧಾನಮಂತ್ರಿಗಳಿಗೆ ಪತ್ರ ಬರೆದು, ಕಾಮಗಾರಿಗಳಲ್ಲಿ ಶೇಕಡಾ 40ರವರೆಗೆ ಲಂಚ ತೆರಬೇಕಾಗಿದೆಯೆಂದು ದೂರಿದರು. 2023ರ ಚುನಾವಣೆಯಲ್ಲಿ ಆ ಸಂಖ್ಯೆಯೇ ಒಂದು ಘೋಷಣೆಯಾಯಿತು. ಪೀಠ ಬದಲಾದಾಗಲೆಲ್ಲ ವಾದಿ ಪ್ರತಿವಾದಿಗಳು ಜಾಗ ಬದಲಿಸಿಕೊಳ್ಳುತ್ತಾರೆ. ವಾದ ಮಾತ್ರ ಹಳೆಯದೇ. ಹತ್ತಕ್ಕಿಂತ ನಲವತ್ತು ದೊಡ್ಡದೆಂದು ಮಗ್ಗಿ ಬಲ್ಲ ಬಾಲಕನೂ ಹೇಳಿಯಾನು. ಆದರೆ ಅವನ್ನು ಎಣಿಸಿದವರಾರು? ಲಂಚಕ್ಕೆ ರಸೀತಿಯಿಲ್ಲ. ‘ಎಷ್ಟು’ ಎಂಬ ಪ್ರಶ್ನೆಯಲ್ಲಿಯೇ ನಮ್ಮ ಚರ್ಚೆ ಸಿಕ್ಕಿಬಿದ್ದಿರುವುದರಿಂದ ‘ಹೇಗೆ’ ಎಂಬ ಪ್ರಶ್ನೆ ಕೇಳುವವರಿಲ್ಲದೆ ಅನಾಥವಾಗಿದೆ ಎಂಬುದು ನನ್ನ ಅಭಿಪ್ರಾಯ.

ಅಳೆಯಲು ಸಾಧನಗಳಿಲ್ಲವೆ ಎಂದು ವಾಚಕರು ಕೇಳಬಹುದು. ದಾಳಿಗಳ ಲೆಕ್ಕವಿದೆ, ಆದರೆ ದಾಳಿ ಹೆಚ್ಚಿದರೆ ಕಳ್ಳರು ಹೆಚ್ಚಿದರೆಂದು ತಿಳಿಯಬೇಕೋ, ಕಾವಲುಗಾರನು ಎಚ್ಚರಗೊಂಡನೆಂದು ತಿಳಿಯಬೇಕೋ? ದಾಳಿಯೇ ನಡೆಯದ ವರ್ಷ ಪುಣ್ಯಕಾಲವಾಗಿಬಿಡುತ್ತದೆಯೆ? ಕಾವಲುಗಾರನ ಕಥೆಯೂ ಏಕರೀತಿಯದಲ್ಲ. 1984ರ ಶಾಸನದಿಂದ ಹುಟ್ಟಿದ ಲೋಕಾಯುಕ್ತ ಸಂಸ್ಥೆ ನ್ಯಾಯಮೂರ್ತಿ ವೆಂಕಟಾಚಲ, ನ್ಯಾಯಮೂರ್ತಿ ಸಂತೋಷ್ ಹೆಗ್ಡೆ ಅವರ ಕಾಲದಲ್ಲಿ ಜನರ ಭರವಸೆಯಾಗಿ ಬೆಳೆಯಿತು. 2015ರಲ್ಲಿ ಅದೇ ಸಂಸ್ಥೆ ಹಗರಣಕ್ಕೆ ಸಿಕ್ಕಿ, ಅಂದಿನ ಲೋಕಾಯುಕ್ತರು ರಾಜೀನಾಮೆ ಕೊಡಬೇಕಾಯಿತು. 2016ರಲ್ಲಿ ಸರ್ಕಾರವು ಭ್ರಷ್ಟಾಚಾರ ನಿಗ್ರಹ ದಳವೆಂಬ ಬೇರೊಂದು ಕಾವಲನ್ನು ಕಟ್ಟಿತು. 2022ರಲ್ಲಿ ಉಚ್ಚ ನ್ಯಾಯಾಲಯ ಅದನ್ನು ರದ್ದುಗೊಳಿಸಿತು. ಅಳೆಯುವ ಕೋಲೇ ಹೀಗೆ ಉದ್ದಗಿಡ್ಡವಾಗುತ್ತಿರುವಾಗ ಅಳತೆಯನ್ನು ನಂಬುವುದು ಹೇಗೆ?

ಬಳ್ಳಾರಿಯ ಗಣಿಗಾರಿಕೆಯ ಪ್ರಕರಣವನ್ನು ನೋಡೋಣ. ಸಂತೋಷ್ ಹೆಗ್ಡೆಯವರ 2011ರ ವರದಿ 2006ರಿಂದ 2010ರವರೆಗೆ ರಾಜ್ಯದ ಬೊಕ್ಕಸಕ್ಕಾದ ನಷ್ಟವನ್ನು ಸುಮಾರು 16,085 ಕೋಟಿ ರೂಪಾಯಿ ಎಂದು ಅಂದಾಜು ಮಾಡಿತು. ಅಂದಿನ ಮುಖ್ಯಮಂತ್ರಿಗಳು ಅಧಿಕಾರ ಬಿಟ್ಟರು. ಗಣಿಗಾರಿಕೆಗೆ ಸಂಬಂಧಿಸಿದ ಲಂಚದ ಮೊಕದ್ದಮೆಯೊಂದರಲ್ಲಿ 2016ರಲ್ಲಿ ಸಿಬಿಐ ವಿಶೇಷ ನ್ಯಾಯಾಲಯ ಅವರನ್ನು ದೋಷಮುಕ್ತರೆಂದು ಸಾರಿತು. ಒಂದು ಪಕ್ಷದವರು ಮೊದಲನೆಯ ಸಂಗತಿಯನ್ನೂ ಇನ್ನೊಂದು ಪಕ್ಷದವರು ಎರಡನೆಯದನ್ನೂ ಇಂದಿಗೂ ಹೇಳುತ್ತಿದ್ದಾರೆ. ನನ್ನನ್ನು ಕಾಡುವುದು ಮೂರನೆಯ ಸಂಗತಿ. ಅದಿರೆಂಬುದು ಜೇಬಿನಲ್ಲಿ ಅಡಗುವ ವಸ್ತುವಲ್ಲ. ಅದನ್ನು ಅಗೆಯಬೇಕು, ಲಾರಿಗೆ ತುಂಬಬೇಕು, ಹಗಲು ಹೊತ್ತಿನಲ್ಲಿ ಹೆದ್ದಾರಿಯಲ್ಲಿ ಸಾಗಿಸಬೇಕು, ತನಿಖಾ ಠಾಣೆಗಳನ್ನು ದಾಟಿಸಬೇಕು, ಬಂದರಿನಲ್ಲಿ ಗುಡ್ಡೆ ಹಾಕಬೇಕು, ಹಡಗಿಗೆ ಏರಿಸಬೇಕು. 2010ರಲ್ಲಿ ಅಂಕೋಲೆಯ ಬಳಿಯ ಬೇಲೆಕೇರಿ ಬಂದರಿನಲ್ಲಿ ಅರಣ್ಯಾಧಿಕಾರಿಗಳು ಜಪ್ತಿ ಮಾಡಿಟ್ಟಿದ್ದ ಲಕ್ಷಗಟ್ಟಲೆ ಟನ್ ಅದಿರು ಅಲ್ಲಿಂದಲೇ ಮಾಯವಾಯಿತು. ಒಬ್ಬ ಮಂತ್ರಿಯ ದುರಾಸೆಯಿಂದ ಮಾತ್ರ ಇದು ಸಾಧ್ಯವೆ? ದಾರಿಯುದ್ದಕ್ಕೂ ಕಣ್ಣು ಮುಚ್ಚುವವರ ಸಾಲೊಂದು ನಿಂತಿರಬೇಕು. ಆ ಸಾಲನ್ನು ಯಾವ ಶೇಕಡಾವಾರು ಲೆಕ್ಕವೂ ತೋರಿಸದು.

ಕೌಟಿಲ್ಯನು ಅಧಿಕಾರಿಗಳು ರಾಜಧನವನ್ನು ಅಪಹರಿಸುವ ನಲವತ್ತು ಉಪಾಯಗಳನ್ನು ಪಟ್ಟಿಮಾಡಿದ್ದಾನೆ. ಕದ್ದ ಮೊತ್ತವನ್ನಲ್ಲ, ಕದಿಯುವ ದಾರಿಗಳನ್ನು ಅವನು ಎಣಿಸಿದ. ಇದರಲ್ಲಿ ಆಡಳಿತ ಬಲ್ಲವನ ವಿವೇಕವಿದೆ. ದಾರಿ ತಿಳಿದರೆ ಅದನ್ನು ಮುಚ್ಚಬಹುದು. ನಮ್ಮಲ್ಲಿಯೇ ಇದಕ್ಕೆ ನಿದರ್ಶನವುಂಟು. ಪಹಣಿಯ ಒಂದು ಪ್ರತಿಗಾಗಿ ರೈತನು ಗ್ರಾಮಲೆಕ್ಕಿಗನ ಕೃಪೆಯನ್ನು ಕಾಯಬೇಕಾಗಿದ್ದ ಕಾಲವಿತ್ತು. 2000ದ ಸುಮಾರಿಗೆ ‘ಭೂಮಿ’ ಯೋಜನೆಯಲ್ಲಿ ಪಹಣಿಗಳೆಲ್ಲ ಗಣಕಯಂತ್ರಕ್ಕೆ ಬಂದವು. 15 ರೂಪಾಯಿ ಕೊಟ್ಟವನಿಗೆ ತಾಲ್ಲೂಕು ಕಚೇರಿಯಲ್ಲಿ ಪ್ರತಿ ದೊರೆಯತೊಡಗಿತು. ಅದೇ ನಾಡು, ಅದೇ ನೌಕರರು. ಯಾರೂ ರಾತ್ರೋರಾತ್ರಿ ಹರಿಶ್ಚಂದ್ರರಾಗಲಿಲ್ಲ. ದಾರಿಯೊಂದು ಮುಚ್ಚಿತು, ಅಷ್ಟೆ. ಖಾತೆ ಬದಲಾವಣೆಯಂಥ ಕೆಲಸಗಳಲ್ಲಿ ಕಡತ ಮನುಷ್ಯನ ಕೈಯಲ್ಲೇ ಉಳಿದದ್ದರಿಂದ ಅಲ್ಲಿ ಕಾಯುವಿಕೆಯೂ ಉಳಿಯಿತು.

ಹಾಗಾದರೆ ಸರ್ಕಾರವನ್ನು ಅಳೆಯುವುದೇ ಬೇಡವೆ? ಬೇಕು. ನನ್ನ ಅಳತೆಗೋಲು ಸರಳವಾದದ್ದು: ಏನನ್ನೂ ಕೊಡದವನ ಕೆಲಸ, ಕೊಟ್ಟವನ ಕೆಲಸದಷ್ಟೇ ದಿನಗಳಲ್ಲಿ ಆಗುತ್ತದೆಯೆ? ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆ ಹುಟ್ಟಿದ್ದು ಈ ದಿನಗಳ ಅಂತರದಲ್ಲಿಯೇ. 2011ರ ‘ಸಕಾಲ’ ಶಾಸನ ಈ ಮರ್ಮವನ್ನು ಅರಿತಿತ್ತು. ಪ್ರತಿಯೊಂದು ಸೇವೆಗೂ ಗಡುವನ್ನು ಗೊತ್ತುಮಾಡಿ, ವಿಳಂಬವಾದ ದಿನವೊಂದಕ್ಕೆ 20 ರೂಪಾಯಿಯಂತೆ, 500 ರೂಪಾಯಿ ಮೀರದಂತೆ, ಪರಿಹಾರವನ್ನು ವಿಧಿಸಿತು. ಮೊತ್ತ ಅಲ್ಪ, ತತ್ತ್ವ ದೊಡ್ಡದು. ಪ್ರತಿ ಕಚೇರಿಯೂ ಯಾವ ಅರ್ಜಿ ಎಷ್ಟು ದಿನ ಯಾರ ಮೇಜಿನ ಮೇಲಿತ್ತು ಎಂಬುದನ್ನು ಬಾಗಿಲಲ್ಲೇ ಬರೆದು ತೂಗುಹಾಕಲಿ. ಆಗ ನಮಗೆ ಶೇಕಡಾ ಲೆಕ್ಕದ ಊಹಾಪೋಹ ಬೇಕಾಗದು.

ಹೀಗೆ ಗುಮಾಸ್ತನನ್ನು ಹಿಡಿದರೆ ಮಂತ್ರಿ ಪಾರಾಗುವುದಿಲ್ಲವೆ ಎಂಬ ಆಕ್ಷೇಪ ನ್ಯಾಯವಾದದ್ದೇ. ಆದರೆ ವರ್ಗಾವಣೆಗೆ ಬೆಲೆ ಕಟ್ಟಿರುವ ಕಡೆ, ಆ ಬೆಲೆ ತೆತ್ತು ಬಂದವನು ಅದನ್ನು ಮೇಜಿನ ಬಳಿ ನಿಂತ ಬಡವನಿಂದಲೇ ವಸೂಲು ಮಾಡಬೇಕಾಗುತ್ತದೆ. ಕೆಳಗಿನ ವಿಳಂಬದ ಜಾಡು ಹಿಡಿದು ಹತ್ತಿದರೆ ಮೇಲಿನ ಮನೆ ಸಿಕ್ಕೇ ಸಿಗುತ್ತದೆ.

ಕಡೆಯದಾಗಿ ಭಾಷೆಯ ಮಾತೊಂದು. ಲಂಚಕ್ಕೆ ನಾವು ಇಟ್ಟ ಹೆಸರು ‘ಮಾಮೂಲು’, ಎಂದರೆ ರೂಢಿಯಾದದ್ದು. ಸಂಬಳಕ್ಕೆ ಪ್ರಾಸವಾಗಿ ‘ಗಿಂಬಳ’ವೆಂದೆವು, ವರನ ಗುಣವಿಚಾರಣೆಯಲ್ಲಿ ಎರಡನ್ನೂ ಸಂಕೋಚವಿಲ್ಲದೆ ಕೇಳಿದೆವು. ಪದ ಮೆತ್ತಗಾದಾಗ ಪಾಪವೂ ಮೆತ್ತಗಾಗುತ್ತದೆ. ವಿದ್ಯಾರ್ಥಿ ಮಿತ್ರರು ಚರ್ಚಾಕೂಟಗಳಲ್ಲಿ ಯಾವ ಸರ್ಕಾರ ಹೆಚ್ಚು ಕೆಟ್ಟದ್ದೆಂದು ವಾದಿಸುವ ಬದಲು, ತಮ್ಮ ಊರಿನ ಒಂದು ಕಚೇರಿಯಲ್ಲಿ ಒಂದು ಅರ್ಜಿ ಎಷ್ಟು ದಿನ ನಿಂತಿತೆಂದು ಎಣಿಸಿ ಬರಲಿ. ಯಾವ ಪಕ್ಷವೂ ಆ ಎಣಿಕೆಯನ್ನು ಸುಳ್ಳೆನ್ನಲಾರದು.